ದಂಡ ಕಟ್ಟಿದರೂ ಅಳಿಯದ ದಾಖಲೆ: ವೀಸಾ ಅವಧಿ ಮೀರಿ ಉಳಿದವರ ಮುಂದಿನ ಹಾದಿ

ದಾವಣಗೆರೆ: ಪಾಸ್‌ಪೋರ್ಟಿನ ಪುಟಕ್ಕೆ ಅಂಟಿಸಿದ ಅಮೆರಿಕದ ವೀಸಾ ಚೀಟಿಯಲ್ಲಿ 2033ನೇ ಇಸವಿಯ ದಿನಾಂಕ ಅಚ್ಚಾಗಿರುತ್ತದೆ. ಮಗಳ ಬಾಣಂತನಕ್ಕೆಂದು ಹೋದ ತಾಯಿ ಅದನ್ನು ನೋಡಿ, ಇನ್ನೂ ಹಲವು ವರ್ಷ ಯಾರೂ ಕೇಳುವವರಿಲ್ಲವೆಂದು ನಿಶ್ಚಿಂತೆಯಿಂದ ಇರುತ್ತಾರೆ. ಆದರೆ ಆ ದೇಶದಲ್ಲಿ ಎಷ್ಟು ದಿನ ಇರಬಹುದೆಂಬುದನ್ನು ಆ ಚೀಟಿ ಹೇಳುವುದಿಲ್ಲ. ಬಾಗಿಲು ತಟ್ಟಲು ಅದು ನೀಡುವ ಅನುಮತಿ ಮಾತ್ರ. ಒಳಗೆ ಎಷ್ಟು ದಿನ ಕೂರಬಹುದೆಂದು ನಿರ್ಧರಿಸುವವನು ವಿಮಾನ ನಿಲ್ದಾಣದ ವಲಸೆ ಅಧಿಕಾರಿ. ಆತ ನಮೂದಿಸುವ ದಿನಾಂಕ ‘ಐ-94’ ಎಂಬ ಪ್ರವೇಶ ದಾಖಲೆಯಲ್ಲಿರುತ್ತದೆ. ಪ್ರವಾಸಿ ವೀಸಾದವರಿಗೆ ಅದು ಸಾಮಾನ್ಯವಾಗಿ 6 ತಿಂಗಳು. ವಿಮಾನದಲ್ಲಿ ಬರುವವರಿಗೆ ಈ ದಾಖಲೆಯನ್ನು 2013ರಿಂದ ಕಾಗದದ ಬದಲು ಗಣಕದಲ್ಲೇ ಇಡಲಾಗುತ್ತಿದೆ. ಆದ್ದರಿಂದ ಅಂತರ್ಜಾಲದಲ್ಲಿ ಹುಡುಕಿ ನೋಡದಿದ್ದರೆ ಅದು ಕಣ್ಣಿಗೆ ಬೀಳುವುದೇ ಇಲ್ಲ.

ವಿದೇಶ ಪ್ರಯಾಣದಲ್ಲಿ ಆಗುವ ತಪ್ಪುಗಳ ಪೈಕಿ ಬಹುಪಾಲು ಹುಟ್ಟುವುದು ಈ ಎರಡು ದಿನಾಂಕಗಳ ಗೊಂದಲದಿಂದ. ಅದರ ಫಲ ಅನುಭವಿಸಬೇಕಾಗಿ ಬರುವುದು ತಪ್ಪು ನಡೆದಾಗಲ್ಲ. ಎರಡು ವರ್ಷವೋ ಐದು ವರ್ಷವೋ ಕಳೆದು, ಎರಡನೆಯ ಮೊಮ್ಮಗು ಹುಟ್ಟುವ ಹೊತ್ತಿಗೆ ಮತ್ತೊಮ್ಮೆ ಅರ್ಜಿ ತುಂಬಲು ಕುಳಿತಾಗ.

1965ರಲ್ಲಿ ಜೆ.ಜೆ.ಎಂ. ವೈದ್ಯಕೀಯ ಕಾಲೇಜು ಹಾಗೂ 1979ರಲ್ಲಿ ಬಾಪೂಜಿ ಎಂಜಿನಿಯರಿಂಗ್ ಕಾಲೇಜು ಆರಂಭವಾದ ದಾವಣಗೆರೆಯಲ್ಲಿ ಮಕ್ಕಳನ್ನು ಹೊರದೇಶಕ್ಕೆ ಕಳುಹಿಸಿದ ಮನೆಗಳು ಈಗ ಅಪರೂಪವಲ್ಲ. ವಿದ್ಯಾನಗರ, ಎಂಸಿಸಿ ಬಡಾವಣೆಗಳಲ್ಲಿ ವರ್ಷಕ್ಕೊಮ್ಮೆ ಆರು ತಿಂಗಳು ಬೀಗ ಹಾಕಿದ ಮನೆ ಕಂಡರೆ ಅದರ ಕಾರಣ ನೆರೆಯವರಿಗೆಲ್ಲ ಗೊತ್ತಿರುತ್ತದೆ. ಕಾರ್ಖಾನೆಗಳ ನೆರಳಿನಲ್ಲಿ ಬೆಳೆದ ಹರಿಹರದಲ್ಲಿ ಕೊಲ್ಲಿ ರಾಷ್ಟ್ರಗಳ ಕೆಲಸದ ಮಾತು ಹೊಸದಲ್ಲ. ಇದೇ ಜಿಲ್ಲೆಯ ಚನ್ನಗಿರಿ ತಾಲ್ಲೂಕಿನ ಹಕ್ಕಿಪಿಕ್ಕಿ ಸಮುದಾಯದವರು ಗಿಡಮೂಲಿಕೆ, ತೈಲ ಮಾರುತ್ತ ಆಫ್ರಿಕಾದ ದೇಶಗಳವರೆಗೂ ಹೋಗುತ್ತಾರೆ. ಈ ಮೂರು ಬಗೆಯ ಪ್ರಯಾಣಿಕರಿಗೂ ಅವಧಿ ಮೀರುವುದೆಂದರೆ ಒಂದೇ ಅರ್ಥವಲ್ಲ. ಕಾನೂನೂ ಒಂದೇ ಅಲ್ಲ.

‘180 ದಿನ ಪರವಾಗಿಲ್ಲ’ ಎಂಬ ತಪ್ಪು ತಿಳಿವಳಿಕೆ

ಅಮೆರಿಕದ ವಿಚಾರದಲ್ಲಿ ಹೆಚ್ಚಾಗಿ ಕೇಳಿಬರುವ ಮಾತು ಇದು: ಅವಧಿ ಮುಗಿದ ಮೇಲೆ 180 ದಿನದೊಳಗೆ ಹೊರಬಂದರೆ ಏನೂ ಆಗುವುದಿಲ್ಲ. ಇದು ಅರ್ಧ ಸತ್ಯ, ಆದ್ದರಿಂದಲೇ ಹೆಚ್ಚು ಅಪಾಯಕಾರಿ.

ಒಂದು ಉದಾಹರಣೆ ಭಾವಿಸಿಕೊಳ್ಳೋಣ. ಹರಿಹರದ ನಿವೃತ್ತ ಶಿಕ್ಷಕ ದಂಪತಿ 2025ರ ಮೇ 10ರಂದು ಅಮೆರಿಕ ಪ್ರವೇಶಿಸುತ್ತಾರೆ. ಐ-94ರಲ್ಲಿ ನವೆಂಬರ್ 9ರವರೆಗೆ ಅವಕಾಶವಿದೆ. ಮೊಮ್ಮಗುವಿನ ನಾಮಕರಣ ಮುಗಿಸಿಕೊಂಡು ಹೊರಡೋಣವೆಂದು ಮಗ ನವೆಂಬರ್ 30ಕ್ಕೆ ಟಿಕೆಟ್ ಮಾಡಿಸುತ್ತಾನೆ. ಹೆಚ್ಚಾದದ್ದು 21 ದಿನ. ಹೊರಡುವಾಗ ಯಾರೂ ತಡೆಯುವುದಿಲ್ಲ, ದಂಡವನ್ನೂ ಕೇಳುವುದಿಲ್ಲ. ಅಮೆರಿಕದಲ್ಲಿ ಹೊರಹೋಗುವವರ ಪಾಸ್‌ಪೋರ್ಟಿಗೆ ಮುದ್ರೆ ಒತ್ತುವ ಪದ್ಧತಿಯೂ ಇಲ್ಲ. ಹಾಗಾಗಿ ಎಲ್ಲವೂ ಸರಿಯಾಗಿಯೇ ಇದೆಯೆಂದು ದಂಪತಿ ಊರು ಸೇರುತ್ತಾರೆ. ವಾಸ್ತವದಲ್ಲಿ ಅವರ ವೀಸಾ ನವೆಂಬರ್ 10ರಂದೇ ಸತ್ತಿರುತ್ತದೆ. ಆ ದೇಶದ ವಲಸೆ ಕಾಯ್ದೆಯ 222(ಜಿ) ವಿಧಿಯಂತೆ, ಅನುಮತಿಸಿದ ಅವಧಿಗಿಂತ ಒಂದೇ ದಿನ ಹೆಚ್ಚು ಉಳಿದರೂ ಆ ವೀಸಾ ತಾನಾಗಿ ಅಸಿಂಧುವಾಗುತ್ತದೆ. ಚೀಟಿಯಲ್ಲಿ 2033 ಎಂದಿದ್ದರೂ ಅದು ಬರಿಯ ಕಾಗದ. ಅದರ ಬಲದಿಂದಲೇ ಮತ್ತೆ ವಿಮಾನ ಹತ್ತಿದವರನ್ನು ಅಲ್ಲಿನ ನಿಲ್ದಾಣದಿಂದಲೇ ತ್ವರಿತ ಆದೇಶದ ಮೂಲಕ ಹಿಂದಕ್ಕೆ ಕಳುಹಿಸಬಹುದು. ಹಾಗೆ ಕಳುಹಿಸಿದರೆ 5 ವರ್ಷ ಪ್ರವೇಶ ನಿಷೇಧ.

180 ದಿನದ ಲೆಕ್ಕ ಬೇರೆಯದು. ಅಮೆರಿಕ 1996ರಲ್ಲಿ ಜಾರಿಗೆ ತಂದ ವಲಸೆ ಸುಧಾರಣಾ ಕಾಯ್ದೆಯ ಪ್ರಕಾರ, ಅಕ್ರಮ ವಾಸ 180 ದಿನ ಮೀರಿ ಒಂದು ವರ್ಷದೊಳಗಿದ್ದು ವ್ಯಕ್ತಿ ತಾನಾಗಿ ಹೊರಬಂದರೆ, ಹೊರಬಂದ ದಿನದಿಂದ 3 ವರ್ಷ ಮತ್ತೆ ಪ್ರವೇಶವಿಲ್ಲ. ಅಕ್ರಮ ವಾಸ ಒಂದು ವರ್ಷ ಅಥವಾ ಅದಕ್ಕಿಂತ ಹೆಚ್ಚಾದರೆ 10 ವರ್ಷ. 1997ರ ಏಪ್ರಿಲ್ 1ರ ನಂತರದ ದಿನಗಳು ಮಾತ್ರ ಈ ಲೆಕ್ಕಕ್ಕೆ ಸೇರುತ್ತವೆ. 18 ವರ್ಷ ತುಂಬದ ಮಕ್ಕಳಿಗೆ ಈ ದಿನಗಳ ಎಣಿಕೆಯಿಲ್ಲ. ಅಂದರೆ 180 ದಿನದ ಒಳಗೆ ಬಂದವರು ಪಾರಾಗುವುದು ಈ 3 ವರ್ಷದ ನಿಷೇಧದಿಂದ ಮಾತ್ರ. ವೀಸಾ ರದ್ದಾಗುವುದರಿಂದಲೂ ಅಲ್ಲ, ಮುಂದಿನ ಸಂದರ್ಶನದಲ್ಲಿ ಎದುರಾಗುವ ಪ್ರಶ್ನೆಯಿಂದಲೂ ಅಲ್ಲ.

ಆ ಪ್ರಶ್ನೆ ‘ಡಿಎಸ್-160’ ಅರ್ಜಿಯಲ್ಲೇ ಇದೆ. ಅಮೆರಿಕದಲ್ಲಿ ಎಂದಾದರೂ ಅಧಿಕಾರಿ ನೀಡಿದ ಅವಧಿಗಿಂತ ಹೆಚ್ಚು ಉಳಿದಿದ್ದೀರಾ ಅಥವಾ ವೀಸಾ ಷರತ್ತು ಮುರಿದಿದ್ದೀರಾ ಎಂದು ಅದು ಕೇಳುತ್ತದೆ. 21 ದಿನ ತಾನೇ, ಯಾರಿಗೆ ಗೊತ್ತಾಗುತ್ತದೆ ಎಂದು ‘ಇಲ್ಲ’ ಎಂಬುದಕ್ಕೆ ಗುರುತು ಹಾಕುವವರುಂಟು. ಹಾಗೆ ಹಾಕಿಸುವ ಏಜೆಂಟರೂ ಉಂಟು. ವಿಮಾನ ಸಂಸ್ಥೆಗಳು ಪ್ರಯಾಣಿಕರ ಪಟ್ಟಿಯನ್ನು ವಲಸೆ ಇಲಾಖೆಗೆ ಸಲ್ಲಿಸುವುದರಿಂದ ಹೊರಹೋದ ದಿನ ಅಲ್ಲಿನ ಗಣಕದಲ್ಲಿ ಮೊದಲೇ ಇರುತ್ತದೆ. ಅವಧಿ ಮೀರಿದ ತಪ್ಪಿಗೆ ವಿವರಣೆ ಕೊಡಬಹುದು. ಅಲ್ಪಾವಧಿಯದಾದರೆ ಅಧಿಕಾರಿ ಒಪ್ಪಲೂಬಹುದು. ಆದರೆ ವೀಸಾ ಪಡೆಯಲು ಉದ್ದೇಶಪೂರ್ವಕವಾಗಿ ಸುಳ್ಳು ಹೇಳಿದರೆಂದು ತೀರ್ಮಾನವಾದಲ್ಲಿ, ಅನರ್ಹತೆಗೆ 3 ವರ್ಷ, 10 ವರ್ಷವೆಂಬ ಮಿತಿಯಿಲ್ಲ. ಅದು ಆಜೀವ ಪರ್ಯಂತ, ವಿಶೇಷ ವಿನಾಯಿತಿ ಸಿಕ್ಕಿದರೆ ಮಾತ್ರ ಬಿಡುಗಡೆ. 21 ದಿನದ ತಪ್ಪನ್ನು ಮುಚ್ಚಲು ಹೋಗಿ ಆಯುಷ್ಯದ ನಿಷೇಧ ತಂದುಕೊಳ್ಳುವುದು ಯಾವ ಲೆಕ್ಕದಲ್ಲೂ ಜಾಣತನವಲ್ಲ.

ಮಗ ಪ್ರಜೆಯಾದರೂ ನೆರವಿಲ್ಲ

ತಂದೆತಾಯಿಗೆ ಗ್ರೀನ್ ಕಾರ್ಡ್ ಮಾಡಿಸುವ ಮನೆಗಳಲ್ಲಿ ಈ ಕಾಯ್ದೆಯ ಮತ್ತೊಂದು ಮುಖ ಎದುರಾಗುತ್ತದೆ. 3 ಅಥವಾ 10 ವರ್ಷದ ನಿಷೇಧಕ್ಕೆ ಒಳಗಾದವರು ಅಲ್ಲಿ ಕಾಯಂ ನೆಲೆಸಲು ಅರ್ಜಿ ಹಾಕುವಾಗ ವಿನಾಯಿತಿ ಕೋರಬಹುದು. ಅದಕ್ಕೆ ಅಮೆರಿಕದ ಪ್ರಜೆಯೋ ಕಾಯಂ ನಿವಾಸಿಯೋ ಆದ ಹತ್ತಿರದ ಬಂಧುವಿಗೆ ತೀವ್ರ ಸಂಕಷ್ಟವಾಗುತ್ತದೆಂದು ತೋರಿಸಬೇಕು. ಆದರೆ ಆ ಬಂಧು ಅರ್ಜಿದಾರರ ಪತಿ, ಪತ್ನಿ, ತಂದೆ ಅಥವಾ ತಾಯಿಯಾಗಿರಬೇಕು. ಮಕ್ಕಳು ಆ ಪಟ್ಟಿಯಲ್ಲಿಲ್ಲ. ಮಗ ಅಲ್ಲಿನ ಪ್ರಜೆ, ಒಳ್ಳೆಯ ಹುದ್ದೆ, ಸ್ವಂತ ಮನೆ ಎಲ್ಲ ಇದ್ದರೂ ತಾಯಿಯನ್ನು ಕಾಣದೆ ಅವನು ಪಡುವ ಸಂಕಟ ಈ ಕಾಯ್ದೆಯ ಕಣ್ಣಿಗೆ ಬೀಳದು. ದಾವಣಗೆರೆಯಂಥ ಊರಿನಿಂದ ಹೋಗುವವರು ಬಹುತೇಕ ಮಕ್ಕಳನ್ನು ನೆಚ್ಚಿಕೊಂಡ ವೃದ್ಧರೇ ಆಗಿರುವುದರಿಂದ ಇದನ್ನು ಒತ್ತಿ ಹೇಳಬೇಕಾಗಿದೆ. ಪ್ರವಾಸಿ ವೀಸಾಕ್ಕೆ ಬೇರೊಂದು ಬಗೆಯ ವಿನಾಯಿತಿಯುಂಟು. ಅದು ಅಧಿಕಾರಿಗಳ ವಿವೇಚನೆಗೆ ಬಿಟ್ಟದ್ದು.

ಅವಧಿ ಸಾಲದೆಂದು ಮೊದಲೇ ತಿಳಿದರೆ ದಾರಿ ಇದೆ. ಐ-94ರ ದಿನಾಂಕ ಮುಗಿಯುವುದಕ್ಕೆ ಮುನ್ನ ‘ಐ-539’ ಅರ್ಜಿ ಸಲ್ಲಿಸಿ ವಿಸ್ತರಣೆ ಕೋರಬಹುದು. ಸಕಾಲದಲ್ಲಿ ಸಲ್ಲಿಸಿದ, ಆಧಾರವಿರುವ ಅರ್ಜಿ ತೀರ್ಮಾನವಾಗುವವರೆಗೆ ಅಕ್ರಮ ವಾಸದ ಎಣಿಕೆ ಸಾಮಾನ್ಯವಾಗಿ ನಡೆಯುವುದಿಲ್ಲ. 2020ರ ಮಾರ್ಚ್‌ನಲ್ಲಿ ಕೋವಿಡ್‌ನಿಂದಾಗಿ ಭಾರತಕ್ಕೆ ಬರುವ ಅಂತಾರಾಷ್ಟ್ರೀಯ ವಿಮಾನಗಳು ನಿಂತು, ಮೇ 7ರಂದು ‘ವಂದೇ ಭಾರತ್’ ಹಾರಾಟ ಆರಂಭವಾಗುವವರೆಗೆ ಮಕ್ಕಳ ಮನೆಗಳಲ್ಲಿ ಸಿಲುಕಿದ ಹಿರಿಯರ ಪಾಲಿಗೆ ಈ ಅರ್ಜಿಯೇ ಆಸರೆಯಾಯಿತು. ಅರ್ಜಿಯ ರಸೀದಿ, ರದ್ದಾದ ಟಿಕೆಟ್ ಇಟ್ಟುಕೊಂಡವರಿಗೆ ಮುಂದಿನ ಸಂದರ್ಶನದಲ್ಲಿ ತೋರಿಸಲು ಒಂದು ಆಧಾರವಿತ್ತು. ಕೊರೊನಾ ಕಾಲ, ಎಲ್ಲರಿಗೂ ಗೊತ್ತಿರುವುದೇ ಎಂದು ಸುಮ್ಮನಿದ್ದವರಿಗೆ ಬಾಯಿಮಾತಷ್ಟೇ ಉಳಿಯಿತು.

ವಿದ್ಯಾರ್ಥಿಗಳ ವಿಷಯ ತುಸು ಭಿನ್ನ. ಅವರ ಐ-94ರಲ್ಲಿ ದಿನಾಂಕದ ಬದಲು, ವಿದ್ಯಾಭ್ಯಾಸ ನಡೆಯುವವರೆಗೆ ಎಂಬರ್ಥದ ಸಂಕೇತ ಬರೆಯುವ ರೂಢಿ ಬಹುಕಾಲದ್ದು. ಇದನ್ನು ಕೈಬಿಟ್ಟು ನಿಗದಿತ ಅವಧಿ ತರುವ ಪ್ರಸ್ತಾವವನ್ನು ಅಮೆರಿಕ ಸರ್ಕಾರ 2025ರ ಆಗಸ್ಟ್‌ನಲ್ಲಿ ಪ್ರಕಟಿಸಿತು. ದಿನಾಂಕವಿಲ್ಲವೆಂದರೆ ಮಿತಿಯಿಲ್ಲವೆಂದಲ್ಲ. ತರಗತಿ ಬಿಟ್ಟವರು, ಅನುಮತಿಯಿಲ್ಲದೆ ಕೆಲಸಕ್ಕೆ ಸೇರಿದವರು ಆ ಕ್ಷಣದಿಂದಲೇ ಷರತ್ತು ಮುರಿದವರಾಗುತ್ತಾರೆ.

ಕೊಲ್ಲಿಯಲ್ಲಿ ದಿನಕ್ಕಿಷ್ಟು ದಂಡ

ಅಮೆರಿಕದಲ್ಲಿ ದಂಡವಿಲ್ಲದ ನಿಷೇಧವಾದರೆ, ಕೊಲ್ಲಿಯಲ್ಲಿ ದಂಡ ಮೊದಲು. ಸಂಯುಕ್ತ ಅರಬ್ ಸಂಸ್ಥಾನದಲ್ಲಿ 2022ರ ಅಕ್ಟೋಬರ್‌ನಿಂದ ಅವಧಿ ಮೀರಿದ ಪ್ರತಿ ದಿನಕ್ಕೆ 50 ದಿರ್ಹಂ. 100 ದಿನಕ್ಕೆ 5,000 ದಿರ್ಹಂ. ರೂಪಾಯಿಗೆ ಪರಿವರ್ತಿಸಿದರೆ ಲಕ್ಷ ದಾಟುವ ಮೊತ್ತ. ದಂಡ ಬೆಳೆದಷ್ಟೂ ಕಟ್ಟುವ ಶಕ್ತಿ ಕುಗ್ಗುತ್ತದೆ, ಕಟ್ಟದೆ ಹೊರಡುವಂತಿಲ್ಲ, ಹೊರಡದಿದ್ದರೆ ದಂಡ ನಿಲ್ಲುವುದಿಲ್ಲ. ಈ ಸುಳಿಗೆ ಸಿಕ್ಕವರ ಕತೆ ಬಹುಮಟ್ಟಿಗೆ ಒಂದೇ ರೀತಿ ಆರಂಭವಾಗುತ್ತದೆ. ಸದ್ಯಕ್ಕೆ ವಿಸಿಟ್ ವೀಸಾದಲ್ಲಿ ಹೋಗು, ಅಲ್ಲಿಗೆ ಹೋದ ಮೇಲೆ ಕಂಪನಿಯವರು ಕೆಲಸದ ವೀಸಾ ಮಾಡಿಕೊಡುತ್ತಾರೆ ಎಂಬ ಏಜೆಂಟನ ಭರವಸೆಯಿಂದ.

ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಸಾಮಾನ್ಯವಾಗಿ ‘ಇಸಿಆರ್’ ವರ್ಗ ನೀಡಲಾಗುತ್ತದೆ. ಕೊಲ್ಲಿ ರಾಷ್ಟ್ರಗಳೂ ಸೇರಿದಂತೆ 18 ದೇಶಗಳಿಗೆ ಕೆಲಸಕ್ಕಾಗಿ ಹೋಗಲು ಇವರು 1983ರ ವಲಸೆ ಕಾಯ್ದೆಯಡಿ ಪೂರ್ವಾನುಮತಿ ಪಡೆಯಬೇಕು. ಏಜೆಂಟರು ವಿಸಿಟ್ ವೀಸಾದ ದಾರಿ ಹಿಡಿಯುವುದು ಈ ತಪಾಸಣೆ ತಪ್ಪಿಸಲಿಕ್ಕೇ. ನೋಂದಾಯಿತ ಏಜೆಂಟರ ಪಟ್ಟಿ ಕೇಂದ್ರ ಸರ್ಕಾರದ ‘ಇ-ಮೈಗ್ರೇಟ್’ ತಾಣದಲ್ಲಿದೆ. ಆ ಪಟ್ಟಿಯಲ್ಲಿಲ್ಲದವನ ಕೈಗೆ ಹಣ ಕೊಟ್ಟ ದಿನವೇ ಮುಂದಿನ ತೊಂದರೆಗೆ ನಾಂದಿಯಾಯಿತೆಂದು ತಿಳಿಯಬಹುದು.

ಕೆಲಸದ ವೀಸಾ ಇದ್ದವರಿಗೂ ಒಂದು ಅಪಾಯವಿದೆ. ಸೌದಿ ಅರೇಬಿಯಾದಲ್ಲಿ ನೌಕರ ಓಡಿಹೋಗಿದ್ದಾನೆಂದು ಮಾಲೀಕ ‘ಹುರೂಬ್’ ದೂರು ದಾಖಲಿಸಿದರೆ, ಗುರುತಿನ ಚೀಟಿಯಲ್ಲಿ ದಿನಾಂಕ ಬಾಕಿಯಿದ್ದರೂ ವಾಸ ಅಕ್ರಮವಾಗುತ್ತದೆ. ಗಡಿಪಾರಾಗುವಾಗ ಬೆರಳಚ್ಚು ತೆಗೆದುಕೊಳ್ಳಲಾಗುತ್ತದೆ. ಆ ಬೆರಳಚ್ಚೇ ಮುಂದಿನ ವೀಸಾಕ್ಕೆ ಅಡ್ಡಗಲ್ಲು.

ಈ ಕಾರಣದಿಂದ ಕೊಲ್ಲಿ ದೇಶಗಳು ಆಗಾಗ ಘೋಷಿಸುವ ಕ್ಷಮಾದಾನಕ್ಕೆ ಬೆಲೆ ಹೆಚ್ಚು. ಸೌದಿ 2017ರ ಮಾರ್ಚ್ ಅಂತ್ಯದಲ್ಲಿ 90 ದಿನಗಳ ಅವಕಾಶ ನೀಡಿದಾಗ, ಆ ಗಡುವಿನಲ್ಲಿ ಹೊರಟವರಿಗೆ ದಂಡದ ಜತೆಗೆ ಗಡಿಪಾರಿನ ಬೆರಳಚ್ಚಿನಿಂದಲೂ ವಿನಾಯಿತಿ ದೊರೆಯಿತು. ಕುವೈತ್ 2018 ಹಾಗೂ 2024ರಲ್ಲಿ ಇಂಥ ಅವಕಾಶ ನೀಡಿತು. ಅರಬ್ ಸಂಸ್ಥಾನದಲ್ಲಿ 2024ರ ಸೆಪ್ಟೆಂಬರ್ 1ರಂದು ಎರಡು ತಿಂಗಳಿಗೆಂದು ಆರಂಭವಾದ ಕ್ಷಮಾದಾನ ಡಿಸೆಂಬರ್ 31ರವರೆಗೆ ವಿಸ್ತರಣೆಯಾಯಿತು. ಹೊರಟವರಿಗೆ ದಂಡವೂ ಇರಲಿಲ್ಲ, ಮರುಪ್ರವೇಶ ನಿಷೇಧವೂ ಇರಲಿಲ್ಲ. ಮುಂದೆಯೂ ಒಂದು ಕ್ಷಮಾದಾನ ಬಂದೇ ಬರುತ್ತದೆಂದು ಕಾಯುತ್ತ ಕೂರುವವರನ್ನು ಮಾತ್ರ ಯಾವ ಕಾನೂನೂ ಕಾಪಾಡದು. ಘೋಷಣೆ ಯಾವಾಗ ಎಂಬುದು ಯಾರಿಗೂ ತಿಳಿದಿರುವುದಿಲ್ಲ.

ಉಮ್ರಾ ಯಾತ್ರಿಕರೂ ಇದೇ ಎಚ್ಚರ ವಹಿಸಬೇಕು. ಉಮ್ರಾ ಅಥವಾ ವಿಸಿಟ್ ವೀಸಾದಲ್ಲಿ ಹೋಗಿ ಹಜ್‌ವರೆಗೂ ಉಳಿದುಬಿಡುವ ಆಸೆ ಹಳೆಯದು. 2025ರ ಹಜ್‌ಗೆ ಮುನ್ನ ಸೌದಿ ಸರ್ಕಾರ, ಪರವಾನಗಿಯಿಲ್ಲದೆ ಹಜ್‌ಗೆ ಪ್ರಯತ್ನಿಸುವವರಿಗೆ 20,000 ರಿಯಾಲ್‌ವರೆಗೆ ದಂಡ, ಅವಧಿ ಮೀರಿ ಉಳಿದು ಹಾಗೆ ಮಾಡಿದವರಿಗೆ ಗಡಿಪಾರು ಮತ್ತು 10 ವರ್ಷ ಪ್ರವೇಶ ನಿಷೇಧ ವಿಧಿಸುವುದಾಗಿ ಪ್ರಕಟಿಸಿತ್ತು.

ಚನ್ನಗಿರಿಯಿಂದ ಸುಡಾನ್‌ವರೆಗೆ

2023ರ ಏಪ್ರಿಲ್ 15ರಂದು ಸುಡಾನ್‌ನಲ್ಲಿ ಸೇನೆ ಮತ್ತು ಅರೆಸೇನಾ ಪಡೆಯ ನಡುವೆ ಕಾಳಗ ಆರಂಭವಾದಾಗ ದಾವಣಗೆರೆ, ಶಿವಮೊಗ್ಗ, ಮೈಸೂರು ಜಿಲ್ಲೆಗಳ ಹಕ್ಕಿಪಿಕ್ಕಿ ಸಮುದಾಯದವರು ಅಲ್ಲಿ ಸಿಲುಕಿದ್ದರು. 31 ಮಂದಿ ಸಿಲುಕಿದ್ದಾರೆಂದು ಏಪ್ರಿಲ್ 18ರಂದು ಸಿದ್ದರಾಮಯ್ಯ ಟ್ವಿಟರ್‌ನಲ್ಲಿ ಬರೆದದ್ದೂ, ಅದಕ್ಕೆ ವಿದೇಶಾಂಗ ಸಚಿವ ಎಸ್. ಜೈಶಂಕರ್ ಖಾರವಾಗಿ ಉತ್ತರಿಸಿದ್ದೂ ಚುನಾವಣೆಯ ಆ ದಿನಗಳಲ್ಲಿ ದೊಡ್ಡ ಸುದ್ದಿಯಾಯಿತು. ಏಪ್ರಿಲ್ 24ರಂದು ಆರಂಭವಾದ ‘ಆಪರೇಷನ್ ಕಾವೇರಿ’ಯಲ್ಲಿ 3,800ಕ್ಕೂ ಹೆಚ್ಚು ಜನರನ್ನು ಕರೆತರಲಾಯಿತು. ರಾಜಕೀಯದ ಗದ್ದಲದಲ್ಲಿ ಹಿಂದೆ ಸರಿದ ಸಂಗತಿ ಪ್ರಯಾಣ ಪತ್ರಗಳದ್ದು.

ದೇಶದಿಂದ ದೇಶಕ್ಕೆ ಹೋಗಿ ಬದುಕುವ ಜನರಿಗೆ ಪಾಸ್‌ಪೋರ್ಟಿನ ಮುದ್ರೆಗಳೇ ಬಂಡವಾಳ. ಯುದ್ಧ, ವಿಮಾನ ನಿಲ್ದಾಣ ಮುಚ್ಚಿದ್ದು, ಆಸ್ಪತ್ರೆ ವಾಸ ಇವುಗಳಿಂದ ಅವಧಿ ಮೀರಿದರೆ ಹೆಚ್ಚಿನ ದೇಶಗಳು ಅದನ್ನು ಉದ್ದೇಶಪೂರ್ವಕ ತಪ್ಪಿನಂತೆ ಕಾಣುವುದಿಲ್ಲ. ಆದರೆ ಸಾಬೀತು ಮಾಡುವ ಹೊಣೆ ಪ್ರಯಾಣಿಕನದು. ಪಾಸ್‌ಪೋರ್ಟ್ ಕಳೆದುಕೊಂಡವರಿಗೆ ರಾಯಭಾರ ಕಚೇರಿ ಊರಿಗೆ ಮರಳುವಷ್ಟರ ಮಟ್ಟಿಗೆ ತುರ್ತು ಪ್ರಮಾಣಪತ್ರ ಕೊಡುತ್ತದೆ. ಕೊಲ್ಲಿಯವರು ‘ಔಟ್‌ಪಾಸ್’ ಎನ್ನುವುದು ಇದನ್ನೇ. ಅದರ ಪ್ರತಿ, ತೆರವಿನ ವಿಮಾನದ ಚೀಟಿ ಇವನ್ನು ಎಸೆಯಬಾರದು. ಹೊಸ ಪಾಸ್‌ಪೋರ್ಟಿನಲ್ಲಿ ಹಳೆಯ ನಿರ್ಗಮನದ ಮುದ್ರೆ ಇರುವುದಿಲ್ಲವಾದ್ದರಿಂದ ಹೊರಬಂದ ದಿನಕ್ಕೆ ಉಳಿಯುವ ಸಾಕ್ಷಿ ಅದೊಂದೇ. ಇನ್ನೊಂದು ಮಾತು: ಪ್ರವಾಸಿ ವೀಸಾದಲ್ಲಿ ಸರಕು ಮಾರುವುದು ಅನೇಕ ದೇಶಗಳಲ್ಲಿ ಷರತ್ತಿನ ಉಲ್ಲಂಘನೆ. ದಿನಾಂಕದೊಳಗೇ ಮರಳಿದರೂ ಅದು ಮುಂದಿನ ಅರ್ಜಿಗೆ ತೊಡಕಾಗಬಲ್ಲದು.

ಉಳಿದ ದೇಶಗಳು

ಬ್ರಿಟನ್ 30 ದಿನದವರೆಗಿನ ಅವಧಿ ಮೀರಿಕೆಯನ್ನು, ಸ್ವಂತ ಖರ್ಚಿನಲ್ಲಿ ತಾನಾಗಿ ಹೊರಟವರ ಮಟ್ಟಿಗೆ, ನಿಷೇಧದ ಲೆಕ್ಕಕ್ಕೆ ಹಿಡಿಯುವುದಿಲ್ಲ. 2017ರ ಏಪ್ರಿಲ್‌ಗೆ ಮುನ್ನ ಈ ಮಿತಿ 90 ದಿನವಿತ್ತು. ಅದು ಮೀರಿದರೆ ಕನಿಷ್ಠ 12 ತಿಂಗಳು, ಸರ್ಕಾರದ ಖರ್ಚಿನಲ್ಲಿ ಹೊರಟರೆ 2 ಅಥವಾ 5 ವರ್ಷ, ವಂಚನೆ ಮಾಡಿದ್ದರೆ 10 ವರ್ಷ ನಿಷೇಧ. ಆಸ್ಟ್ರೇಲಿಯಾದಲ್ಲಿ ಮಿತಿ 28 ದಿನ; ಅದು ಮೀರಿ ಹೊರಟವರಿಗೆ ಅಲ್ಪಾವಧಿಯ ಬಹುತೇಕ ವೀಸಾಗಳಿಗೆ 3 ವರ್ಷ ತಡೆ. ಕೆನಡಾದಲ್ಲಿ ಅವಧಿ ಮುಗಿದ 90 ದಿನದೊಳಗೆ ಸ್ಥಾನಮಾನ ಮರುಸ್ಥಾಪನೆಗೆ ಅರ್ಜಿ ಹಾಕಬಹುದು. ಸುಳ್ಳು ಹೇಳಿದವರಿಗೆ 5 ವರ್ಷ ಬಾಗಿಲು ಮುಚ್ಚುತ್ತದೆ.

ಯುರೋಪಿನ ಷೆಂಗೆನ್ ದೇಶಗಳಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ವಾಸಕ್ಕೆ ಅವಕಾಶ. ಅಷ್ಟೂ ದೇಶಗಳನ್ನು ಒಂದೇ ಎಂದು ಎಣಿಸಬೇಕು. ಪ್ಯಾರಿಸ್‌ನಲ್ಲಿ 60 ದಿನ, ಬರ್ಲಿನ್‌ನಲ್ಲಿ 60 ದಿನ ಎಂದರೆ 120 ಆಯಿತು. ಮುದ್ರೆ ಮಸುಕಾಗಿದ್ದರೆ ಹಿಂದೆ ಹೇಗೋ ದಾಟಿಹೋಗುತ್ತಿತ್ತು. 2025ರ ಅಕ್ಟೋಬರ್ 12ರಂದು ಮುಖಚಿತ್ರ, ಬೆರಳಚ್ಚುಗಳ ಗಣಕೀಕೃತ ಗಡಿ ವ್ಯವಸ್ಥೆ ಅಲ್ಲಿ ಆರಂಭವಾಗಿದೆ.

ಒಂದು ದೇಶದ ತಪ್ಪು ಇನ್ನೊಂದಕ್ಕೆ ತಿಳಿಯದೆಂಬ ನಂಬಿಕೆಗೂ ಈಗ ಆಧಾರವಿಲ್ಲ. ಅಮೆರಿಕ, ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವಲಸೆ ಮಾಹಿತಿಯನ್ನು ಪರಸ್ಪರ ಹಂಚಿಕೊಳ್ಳುತ್ತವೆ. ಬೇರೆ ಯಾವುದೇ ದೇಶದಲ್ಲಿ ಅವಧಿ ಮೀರಿದ್ದೀರಾ ಎಂದು ಆಸ್ಟ್ರೇಲಿಯಾದ ಅರ್ಜಿ ನೇರವಾಗಿಯೇ ಕೇಳುತ್ತದೆ. ಹಳೆಯ ಪಾಸ್‌ಪೋರ್ಟ್ ಕಳೆದಿದೆಯೆಂದು ಹೇಳಿ ಹೊಸದು ಮಾಡಿಸಿದರೆ ದಾಖಲೆ ಅಳಿಯುತ್ತದೆಂಬ ಸಲಹೆ ಕೊಡುವವರಿದ್ದಾರೆ. ಪುಸ್ತಕ ಬದಲಾದರೂ ಬೆರಳು ಬದಲಾಗದು. ಪಾಸ್‌ಪೋರ್ಟ್ ಪಡೆಯಲು ಸುಳ್ಳು ಮಾಹಿತಿ ನೀಡುವುದು 1967ರ ಪಾಸ್‌ಪೋರ್ಟ್ ಕಾಯ್ದೆಯಡಿ ಅಪರಾಧವೂ ಹೌದು.

ಈಗಾಗಲೇ ಅವಧಿ ಮೀರಿ ಬಂದವರು ಮತ್ತೆ ಅರ್ಜಿ ಹಾಕುವ ಮುನ್ನ ಎಷ್ಟು ದಿನ ಹೆಚ್ಚಾಯಿತೆಂದು ದಾಖಲೆ ಹಿಡಿದು ಎಣಿಸಬೇಕು. ಅರ್ಜಿಯ ಪ್ರಶ್ನೆಗೆ ‘ಹೌದು’ ಎಂದೇ ಬರೆದು, ಕಾರಣವನ್ನು ನಾಲ್ಕು ವಾಕ್ಯಗಳಲ್ಲಿ ತಿಳಿಸಿ, ಆಸ್ಪತ್ರೆಯ ಪತ್ರವೋ ರದ್ದಾದ ಟಿಕೆಟ್ಟೋ ದಂಡದ ರಸೀದಿಯೋ ಇದ್ದದ್ದನ್ನು ಜತೆಗಿಡಬೇಕು. ನಿಷೇಧದ ಅವಧಿಯಲ್ಲಿದ್ದರೆ ಶುಲ್ಕ ವ್ಯರ್ಥ ಮಾಡದೆ, ಆ ದೇಶದ ವಲಸೆ ಕಾನೂನು ಬಲ್ಲ ವಕೀಲರನ್ನು ಮೊದಲು ಕಾಣುವುದು ಲೇಸು. ಅರ್ಜಿಯನ್ನು ಏಜೆಂಟ್ ತುಂಬಿದರೂ ಅದರ ಹೊಣೆ ಸಹಿ ಹಾಕಿದವರದು.

ಊರಿಗೆ ಬರುವ ಮೊಮ್ಮಕ್ಕಳು

ಇದೇ ನಿಯಮ ತಿರುಗುಮುರುಗಾಗಿ ನಮ್ಮ ಮನೆಗಳಿಗೂ ಬರುತ್ತದೆ. ಅಮೆರಿಕದಲ್ಲಿ ಹುಟ್ಟಿ ಅಲ್ಲಿನ ಪಾಸ್‌ಪೋರ್ಟ್ ಹೊಂದಿದ ಮಗುವನ್ನು ಇ-ಪ್ರವಾಸಿ ವೀಸಾದಲ್ಲಿ ಕರೆತಂದು ಅಜ್ಜಿಯ ಬಳಿ ಬಿಟ್ಟುಹೋಗುವವರಿದ್ದಾರೆ. ಭಾರತದ ಕಾನೂನಿನ ದೃಷ್ಟಿಯಲ್ಲಿ ಆ ಮಗು ವಿದೇಶಿ ಪ್ರಜೆ. ಸತತ 180 ದಿನಕ್ಕಿಂತ ಹೆಚ್ಚು ಇರುವಂತಿಲ್ಲ. ಮೀರಿದರೆ ದೇಶ ಬಿಡಲು ನಿರ್ಗಮನ ಪರವಾನಗಿ ಪಡೆಯಬೇಕು, ದಂಡ ಕಟ್ಟಬೇಕು. ಇದಕ್ಕೆ ಅರ್ಜಿಯನ್ನು ವಿದೇಶಿಯರ ನೋಂದಣಿ ಕಚೇರಿಯ ‘ಇ-ಎಫ್‌ಆರ್‌ಆರ್‌ಒ’ ತಾಣದ ಮೂಲಕ ಸಲ್ಲಿಸಬಹುದು. 2025ರ ಸೆಪ್ಟೆಂಬರ್ 1ರಿಂದ ಜಾರಿಗೆ ಬಂದ ವಲಸೆ ಮತ್ತು ವಿದೇಶಿಯರ ಕಾಯ್ದೆಯು 1946ರ ವಿದೇಶಿಯರ ಕಾಯ್ದೆಯೂ ಸೇರಿದಂತೆ ನಾಲ್ಕು ಹಳೆಯ ಕಾಯ್ದೆಗಳ ಸ್ಥಾನದಲ್ಲಿ ಬಂದಿದೆ. ಅವಧಿ ಮೀರಿದ ವಾಸಕ್ಕೆ ಅದು 3 ವರ್ಷದವರೆಗೆ ಸೆರೆವಾಸ, 3 ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡನ್ನೂ ವಿಧಿಸಲು ಅವಕಾಶ ನೀಡುತ್ತದೆ. ದೀರ್ಘಕಾಲ ಅಜ್ಜಿಯ ಮನೆಯಲ್ಲಿರುವ ಮಕ್ಕಳಿಗೆ ಸಾಗರೋತ್ತರ ಭಾರತೀಯ ಪೌರತ್ವದ ಕಾರ್ಡು, ಅಂದರೆ ‘ಒಸಿಐ’, ಮಾಡಿಸಿದರೆ ಈ ದಿನಗಣನೆಯೇ ಇರುವುದಿಲ್ಲ.